ಇಪ್ಪತ್ತಮೂರನೆಯ ಹಾಳೆ

ತಪ್ಪು ಮಾಡಿದವರು ತಾವಾಗಿಯೇ ಎದ್ದು ನಿಂತು ಒಪ್ಪಿಕೊಳ್ಳಬೇಕು ಎಂಬುದು ನನ್ನ ತರಗತಿಯ ಮೊದಲ ನಿಯಮವಾಗಿತ್ತು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನಾನು, ಪ್ರತಿ ವರ್ಷದ ಮೊದಲ ವಾರ ಮಕ್ಕಳ ಮುಂದೆ ನನ್ನ ತಪ್ಪನ್ನೇ ಮೊದಲು ಹೇಳುತ್ತಿದ್ದೆ. ಕಪ್ಪು ಹಲಗೆಯ ಮೇಲೆ ರಸ್ತೆಯ ಒಂದು ತಿರುವನ್ನು ಬರೆದು, ಅದರಾಚೆ ಒಂದು ಕಂದಕವನ್ನು ಬರೆದು, “ನನ್ನ ಅಣ್ಣ ರ‍್ಯಾಲಿ ಕಾರು ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು ದಾರಿಯ ಟಿಪ್ಪಣಿ ಓದಿ ಹೇಳುತ್ತಿದ್ದೆ. ಒಮ್ಮೆ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿಬಿಟ್ಟೆ. ಈ ತಿರುವನ್ನು ಹೇಳಲೇ ಇಲ್ಲ. ಕಾರು ಇಲ್ಲಿ ಬಿತ್ತು” ಎನ್ನುತ್ತಿದ್ದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅಜಾಗರೂಕತೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ.

ಹಳೆಯ ರ‍್ಯಾಲಿ ಕಾರುಗಳ ಪ್ರದರ್ಶನಕ್ಕೆ ಅಣ್ಣ ನನ್ನನ್ನು ಕರೆದಾಗಲೂ ಅವನಿಗೆ ಆ ಉದಾಹರಣೆಯೇ ಬೇಕಾಗಿತ್ತು.

“ನಮ್ಮ ಕಾರನ್ನು ಯಾರೋ ಹುಡುಕಿ ರಿಪೇರಿ ಮಾಡಿಸಿದ್ದಾರೆ ಕಣೇ. ಸಾಯಂಕಾಲ ನಾಲ್ಕಕ್ಕೆ ನಾವಿಬ್ಬರೂ ಅದರಲ್ಲಿ ಕೂತು ಒಂದು ಸುತ್ತು ಹೋಗಬೇಕಂತೆ. ಹೊರಡೋ ಮುಂಚೆ ನೀನು ಆ ಎರಡು ಹಾಳೆ ಕಥೆ ಹೇಳಬೇಕು. ಜನ ಬಿದ್ದು ಬಿದ್ದು ನಗ್ತಾರೆ.”

“ನನ್ನನ್ನು ನಗೆಪಾಟಲು ಮಾಡೋಕೆ ನಿನಗೆ ಮೂವತ್ತೆಂಟು ವರ್ಷ ಸಾಲಲಿಲ್ವಾ?” ಎಂದೆ. ಆದರೂ ಒಪ್ಪಿದೆ. ಮನೆಯಲ್ಲಿ ನಾನು ಪತ್ರಿಕೆಯ ಪುಟ ತಿರುವಿದರೂ “ಜೋಪಾನ, ಒಂದೊಂದೇ” ಎಂದು ಕಣ್ಣು ಮಿಟುಕಿಸುವ ಅಣ್ಣ ಅವನು. ನನ್ನ ತಪ್ಪನ್ನು ನಗುವಾಗಿಸಿ ಹಗುರ ಮಾಡಿದ್ದಾನೆ, ಎಂದೂ ಬೈದಿಲ್ಲ ಎಂಬ ಕೃತಜ್ಞತೆ ನನ್ನಲ್ಲಿತ್ತು. ಆ ಮಾತನ್ನು ಬರೆಯುವಾಗ ಈಗ ನನ್ನ ಕೈ ನಾಚುತ್ತದೆ.

ಮುಚ್ಚಿಹೋದ ಒಂದು ಕಾರ್ಖಾನೆಯ ಅಂಗಳದಲ್ಲಿ ಪ್ರದರ್ಶನ ಏರ್ಪಟ್ಟಿತ್ತು. ಬಾನೆಟ್ ತೆರೆದ ಕಾರುಗಳು ಸಾಲಾಗಿ ನಿಂತಿದ್ದವು. ಮಾಲೀಕರು ಮಡಚುವ ಕುರ್ಚಿ ಹಾಕಿಕೊಂಡು, ಮಗುವಿನ ಮೂಗು ಒರೆಸುವಷ್ಟು ಅಕ್ಕರೆಯಿಂದ ದೀಪಗಳನ್ನು ಒರೆಸುತ್ತಿದ್ದರು. ಬಿಸಿ ಎಣ್ಣೆ, ಪೆಟ್ರೋಲು, ಹಳೆಯ ರೆಕ್ಸಿನ್ನಿನ ವಾಸನೆ ಬೆರೆತು ನನ್ನ ಇಪ್ಪತ್ತೆರಡನೆಯ ವಯಸ್ಸು ಮೂಗಿನ ಮೂಲಕವೇ ಹಿಂದಿರುಗಿತು. ಅಣ್ಣ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನಾಲ್ವರು ಅವನ ಕೈ ಕುಲುಕಿದರು. ಆ ಲೋಕದಲ್ಲಿ ಅವನ ಹೆಸರು ಧೂಳಣ್ಣ. ಅವನ ಹಿಂದೆ ಬಂದವರಿಗೆ ಧೂಳು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲವಂತೆ.

ನಮ್ಮ ಕಾರು ಒಳಗಿನ ದೊಡ್ಡ ಷೆಡ್ಡಿನಲ್ಲಿತ್ತು. ಬಿಳಿಯ ಮೈ, ನೀಲಿ ಪಟ್ಟಿ, ಮುಂದೆ ನಾಲ್ಕು ಹೆಚ್ಚುವರಿ ದೀಪ, ಬಾಗಿಲ ಮೇಲೆ ನಮ್ಮ ಸಂಖ್ಯೆ ಹದಿನೇಳು. ಬಿದ್ದಾಗ ಜಜ್ಜಿಹೋಗಿದ್ದ ಎಡಗಡೆಯ ಮಡ್‌ಗಾರ್ಡನ್ನು ಮಾತ್ರ ಹಾಗೆಯೇ ಉಳಿಸಿದ್ದರು.

“ಇವರಿಗೆ ಈ ಕಾರೇ ಮೊದಲನೇ ಹೆಂಡತಿ, ನಾನು ಎರಡನೆಯವಳು” ಎಂದು ಅತ್ತಿಗೆ ನಕ್ಕಳು. ಆಮೇಲೆ ನನ್ನ ಕಿವಿಯ ಬಳಿ ಬಂದು, “ಆ ಕಡೆ ಗಾಜಿನ ಪೆಟ್ಟಿಗೇಲಿ ಏನಿದೆ ನೋಡಿ ಬನ್ನಿ. ಇಬ್ಬರಿಗೂ ಆಶ್ಚರ್ಯ ಆಗ್ಲಿ ಅಂತ ಬಾಯಿಬಿಟ್ಟಿರಲಿಲ್ಲ. ಮೇಲಿನ ಅಟ್ಟದ ಟ್ರಂಕ್ ಖಾಲಿ ಮಾಡುವಾಗ ಸಿಕ್ತು. ನಾನೇ ತಂದು ಕೊಟ್ಟೆ” ಎಂದಳು.

ಗಾಜಿನಡಿಯಲ್ಲಿ ನನ್ನ ಟಿಪ್ಪಣಿ ಪುಸ್ತಕವಿತ್ತು.

ಕಂದಕದಲ್ಲಿ ಬಿದ್ದಾಗ ಕೆಳಗಿನ ಹೊಳೆಯ ಪಾಲಾಯಿತು ಎಂದು ಅಣ್ಣ ಹೇಳಿದ್ದ ಪುಸ್ತಕ ಅದು. ತಲೆಗೆ ಪೆಟ್ಟು ಬಿದ್ದು ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದ ನನಗೆ, ಆ ದಿನದ ಕೊನೆಯ ಅರ್ಧ ಗಂಟೆ ಇಂದಿಗೂ ನೆನಪಿಲ್ಲ. ಕಣ್ಣು ತೆರೆದಾಗ ಹಾಸಿಗೆಯ ಪಕ್ಕದಲ್ಲಿ ಅಣ್ಣ ಕುಳಿತಿದ್ದ. “ಇಪ್ಪತ್ತಮೂರನೇ ಹಾಳೆ ಓದಲೇ ಇಲ್ಲ ನೀನು. ಎರಡು ಒಟ್ಟಿಗೆ ತಿರುಗಿಹೋಯ್ತು. ಹೋಗ್ಲಿ ಬಿಡು, ಜೀವ ಉಳೀತಲ್ಲ” ಎಂದು ನನ್ನ ಕೈ ಸವರಿದ್ದ. ನೆನಪಿಲ್ಲದವಳಿಗೆ ಅಣ್ಣನ ಮಾತೇ ನೆನಪಾಯಿತು. ನಾನು ಈ ಕೆಲಸಕ್ಕೆ ಯೋಗ್ಯಳಲ್ಲ ಎಂದು ನಮ್ಮ ರ‍್ಯಾಲಿ ಕ್ಲಬ್ಬಿಗೆ ನಾನೇ ಪತ್ರ ಬರೆದು, ಶಿಕ್ಷಕಿಯ ತರಬೇತಿಗೆ ಸೇರಿದೆ. ಅದೇ ವರ್ಷ ದೊಡ್ಡ ಕಂಪನಿಯೊಂದರ ತಂಡ ಅಣ್ಣನನ್ನು ಕರೆದುಕೊಂಡಿತು. ದಾರಿ ಓದುವ ಬೇರೊಬ್ಬ ನ್ಯಾವಿಗೇಟರನ ಜೊತೆಯಲ್ಲಿ ಅವನು ಮೂರು ಚಾಂಪಿಯನ್‌ಷಿಪ್ ಗೆದ್ದ.

ಪುಸ್ತಕವನ್ನು ಇಪ್ಪತ್ತಮೂರನೆಯ ಹಾಳೆಗೆ ತೆರೆದಿಟ್ಟಿದ್ದರು. ಪಕ್ಕದ ಚೀಟಿಯಲ್ಲಿ ಮುದ್ರಿತವಾಗಿತ್ತು: “ನ್ಯಾವಿಗೇಟರ್ ಓದದೆ ಬಿಟ್ಟ ಹಾಳೆ.”

ನಾನು ಚೀಟಿಯನ್ನು ಓದಿದೆ. ಹಾಳೆಯ ಮೇಲಿನ ನನ್ನ ಅಕ್ಷರಗಳನ್ನು ಓದಿದೆ. ಎಡಕ್ಕೆ ಸಾಧಾರಣ ತಿರುವು, ನೂರು ಮೀಟರ್ ನೇರ, ಆಮೇಲೆ ಬಲಕ್ಕೆ ಕಡಿದಾದ ತಿರುವು, ಹೋಗುತ್ತ ಹೋಗುತ್ತ ಬಿಗಿಯುತ್ತದೆ, ನಿಧಾನ. “ನಿಧಾನ” ಎಂಬುದರ ಕೆಳಗೆ ಎರಡು ಗೆರೆ. ಅನಂತರ ನನ್ನ ದೃಷ್ಟಿ ಹಾಳೆಯ ಕೆಳಗಿನ ಮೂಲೆಗೆ ಇಳಿಯಿತು.

ಮೂಲೆ ಮಡಚಿತ್ತು.

ಓಡುವ ಕಾರಿನಲ್ಲಿ ಕೈ ಕುಣಿಯುತ್ತದೆ. ಓದಿದ ಹಾಳೆ ಯಾವುದು, ಓದಬೇಕಾದದ್ದು ಯಾವುದು ಎಂಬ ಗೊಂದಲ ಸುಲಭ. ಅದಕ್ಕಾಗಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಹಾಳೆಯ ಕೊನೆಯ ಪದವನ್ನು ಜೋರಾಗಿ ಹೇಳಿ ಮುಗಿಸಿದ ಮೇಲೆಯೇ ಹೆಬ್ಬೆರಳಿನಿಂದ ಅದರ ಕೆಳಮೂಲೆಯನ್ನು ಮಡಚುತ್ತಿದ್ದೆ. ಮಡಚಿದ ಮೇಲೆಯೇ ತಿರುವುತ್ತಿದ್ದೆ. ಓದದ ಹಾಳೆಯ ಮೂಲೆಯನ್ನು ಒಂದು ದಿನವೂ ಮಡಚಿದವಳಲ್ಲ. “ಇವಳು ದಾರಿ ಓದ್ತಾಳೋ, ಕಾಗದದ ದೋಣಿ ಮಾಡ್ತಾಳೋ” ಎಂದು ಅಣ್ಣ ಗೇಲಿ ಮಾಡುತ್ತಿದ್ದ. ಈ ಅಭ್ಯಾಸ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು.

“ಇಲ್ಲೇನು ನಿಂತಿದ್ದೀಯ? ಬಾ, ಆ ಕಡೆ ಕಾಫಿ ಕೊಡ್ತಿದ್ದಾರೆ” ಎಂದು ಅಣ್ಣನ ಕೈ ನನ್ನ ಭುಜದ ಮೇಲೆ ಬಿತ್ತು. ಗಾಜಿನ ಪೆಟ್ಟಿಗೆಯನ್ನು ಕಂಡೊಡನೆ ಆ ಕೈ ಭಾರವಾಯಿತು. ಅವನು ಹೆಂಡತಿಯತ್ತ ತಿರುಗಿ, “ಇದನ್ನ ಯಾರು ಇಲ್ಲಿ ತಂದಿಟ್ಟಿದ್ದು?” ಎಂದ. ಅತ್ತಿಗೆ ಹೆಮ್ಮೆಯಿಂದ ತನ್ನತ್ತಲೇ ಬೆರಳು ತೋರಿಸಿಕೊಂಡಳು. ಅಷ್ಟರಲ್ಲಿ ಯಾರೋ ಕರೆದರೆಂದು ಆಚೆ ಹೋದಳು.

ಪ್ರದರ್ಶನದ ಮೇಲ್ವಿಚಾರಣೆಗೆ ನಿಂತಿದ್ದ ಯುವತಿಯನ್ನು ಕರೆದು, “ಈ ಗಾಜು ತೆಗೀತೀರಾ? ಇದು ನಾನು ಬರೆದ ಪುಸ್ತಕ” ಎಂದೆ. ಅವಳು ಬೀಗ ತೆಗೆದು ಪಕ್ಕಕ್ಕೆ ಸರಿದಳು.

“ಅಣ್ಣ, ಮೂಲೆ ನೋಡು.”

ಅವನು ನೋಡಲಿಲ್ಲ. “ಏನು ಮೂಲೆ?”

“ಮಡಚಿದೆ.”

“ಎರಡು ಹಾಳೆ ಅಂಟಿಕೊಂಡಿತ್ತು ಅಂತ ಹೇಳಿದ್ನಲ್ಲ. ಎರಡೂ ಸೇರಿ ಮಡಚಿಕೊಂಡಿರುತ್ತೆ.”

ಉತ್ತರ ಸಿದ್ಧವಾಗಿತ್ತು. ಅದೇ ನನ್ನನ್ನು ಹೆಚ್ಚು ನೋಯಿಸಿತು. ಅನಿರೀಕ್ಷಿತ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಕೊಡುವ ವಿದ್ಯಾರ್ಥಿ ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡಿರುತ್ತಾನೆ. ನಾನು ಇಪ್ಪತ್ತೆರಡನೆಯ ಹಾಳೆಯ ಮೂಲೆಯನ್ನು ಬಿಡಿಸಿದೆ. ಸೇರಿ ಮಡಚಿದ್ದರೆ ಒಂದರ ಹೊಟ್ಟೆಯೊಳಗೆ ಇನ್ನೊಂದು ಇರಬೇಕಿತ್ತು. ಇರಲಿಲ್ಲ. ಇದರ ಮಡಿಕೆ ಇದಕ್ಕೆ, ಅದರ ಮಡಿಕೆ ಅದಕ್ಕೆ. ಇಪ್ಪತ್ತಮೂರರದು ತುಸು ಓರೆಯಾಗಿ, ದೊಡ್ಡದಾಗಿತ್ತು. ಇಪ್ಪತ್ತನಾಲ್ಕನೆಯ ಹಾಳೆಯ ಮೂಲೆ ಹೊಸ ಪುಸ್ತಕದ ಮೂಲೆಯಂತೆ ಚೂಪಾಗಿತ್ತು.

“ತಿರುವು ಬರೋದಕ್ಕೆ ಮುಂಚೆಯೇ ಓದಿ ಮುಗಿಸೋದು ನನ್ನ ಕೆಲಸ. ಮುಗಿಸಿದ್ದೆ. ನಿಧಾನ ಅಂತ ಹೇಳಿದ್ದೆ. ನೀನು ಕೇಳಲಿಲ್ಲ.”

ಅಣ್ಣ ಷೆಡ್ಡಿನ ಎರಡೂ ಬಾಗಿಲುಗಳತ್ತ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, “ಮೆಲ್ಲಗೆ ಮಾತಾಡೇ. ಆ ದಿನ ಕಂಪನಿಯೋರು ನನ್ನ ನೋಡೋಕಂತಲೇ ಬಂದಿದ್ರು. ಹೇಳಿದ್ರೂ ಕೇಳದೆ ನುಗ್ಗಿದ ಅಂತ ಗೊತ್ತಾಗಿದ್ರೆ ಯಾರು ಕಾರು ಕೊಡ್ತಿದ್ರು?” ಎಂದ.

“ಅದಕ್ಕೆ ನನ್ನ ತಲೆಗೆ ಕಟ್ಟಿದೆ.”

“ನಿನಗೇನು ನಷ್ಟ ಆಯ್ತು ಹೇಳು? ನೀನು ಹೇಗೂ ಟೀಚರ್ ಆಗೋಳೇ ಇದ್ದೆ. ಒಳ್ಳೇ ಹೆಸರು ತಗೊಂಡೆ. ನಾನೇನು ನಿನ್ನ ಬಿಟ್ಟುಕೊಟ್ನಾ? ಯಾರಾದ್ರೂ ಬೈದ್ರೆ ನಾನೇ ತಡೀತಿದ್ದೆ.”

ತಾನೇ ಬೆಂಕಿ ಇಟ್ಟ ಮನೆಗೆ ನೀರು ಹೊತ್ತು ತಂದೆನೆಂದು ಎದೆಯುಬ್ಬಿಸುವ ಮನುಷ್ಯನನ್ನು ಏನೆಂದು ಕರೆಯಬೇಕು? ನನಗೆ ನನ್ನ ತರಗತಿಗಳು ನೆನಪಾದವು. ಮೂವತ್ತಮೂರು ವರ್ಷಗಳ ಬೆಂಚುಗಳು, ಉಸಿರು ಬಿಗಿಹಿಡಿದ ಮುಖಗಳು. ಸತ್ಯವನ್ನು ಹೇಳುವುದು ಹೇಗೆಂದು ಕಲಿಸಲು ನಾನು ಅವರಿಗೆ ಹೇಳಿದ್ದು ಒಂದು ಸುಳ್ಳು. ನಾನು ರ‍್ಯಾಲಿಯನ್ನು ಕಳೆದುಕೊಂಡದ್ದನ್ನು ಕ್ಷಮಿಸಬಹುದೇನೋ. ಆದರೆ ಅವನು ತನ್ನ ಸುಳ್ಳನ್ನು ಒಬ್ಬ ಶಿಕ್ಷಕಿಯ ಬಾಯಲ್ಲಿ ಇಟ್ಟಿದ್ದ. ಏನೂ ಅರಿಯದ ಮಕ್ಕಳಿಗೆ ಅದನ್ನು ಪಾಠ ಮಾಡಿಸಿದ್ದ.

ಹಾಗಿದ್ದರೂ ನಾನು ನನ್ನ ನಿಯಮವನ್ನು ಮೀರಲಿಲ್ಲ. ಯಾವ ವಿದ್ಯಾರ್ಥಿಯನ್ನೂ ಒಪ್ಪಿಕೊಳ್ಳಲು ಅವಕಾಶ ಕೊಡದೆ ನಾನು ಶಿಕ್ಷಿಸಿಲ್ಲ.

“ನಾಲ್ಕು ಗಂಟೆಗೆ ನಿನ್ನ ಕೈಗೆ ಮೈಕು ಬರುತ್ತೆ” ಎಂದೆ. “ಆಗ ನೀನೇ ಹೇಳು. ಒಂದೇ ಒಂದು ಮಾತು ಸಾಕು, ‘ಅವಳು ಓದಿದ್ದಳು’ ಅಂತ. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಆಮೇಲೆ ಈ ವಿಷಯ ಎತ್ತಲ್ಲ.”

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು. “ಹೇಳ್ತೀನಿ. ಅಮ್ಮನ ಮೇಲಾಣೆ.”

ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಾನು ನಂಬಿದೆ.

ನಾಲ್ಕು ಗಂಟೆಗೆ ಕಾರನ್ನು ಅಂಗಳಕ್ಕೆ ತಳ್ಳಿ ತಂದರು. ಹಗ್ಗದಾಚೆ ಐದಾರು ನೂರು ಜನ ನೆರೆದಿದ್ದರು. ಕಬ್ಬಿಣದ ಪಂಜರದೊಳಗೆ ಮೊಣಕಾಲು ಮಡಚಿ ನಾನು ನನ್ನ ಸೀಟಿನಲ್ಲಿ ಕುಳಿತೆ. ಯಾರೋ ತಲೆಗೆ ಹೆಲ್ಮೆಟ್ ಹಾಕಿ, ನಾಲ್ಕು ಪಟ್ಟಿಯ ಬೆಲ್ಟನ್ನು ಎದೆಯ ಮೇಲೆ ಬಿಗಿದರು. ಎಂಜಿನ್ ಹೊತ್ತಿಕೊಂಡಾಗ ಪಾದದಿಂದ ಹಲ್ಲಿನವರೆಗೆ ಒಂದು ನಡುಕ ಹತ್ತಿತು. ನನಗೆ ಅರಿವಿಲ್ಲದೆಯೇ ಹೆಬ್ಬೆರಳು ತೊಡೆಯ ಮೇಲೆ ಇಲ್ಲದ ಹಾಳೆಯ ಮೂಲೆಯನ್ನು ಹುಡುಕುತ್ತಿತ್ತು. ಸಂತೋಷವಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ. ಇನ್ನೊಂದು ನಿಮಿಷದಲ್ಲಿ ಈ ಸೀಟು ಮತ್ತೆ ನನ್ನದಾಗುತ್ತದೆ ಎಂದುಕೊಂಡಿದ್ದೆ.

ನಿರೂಪಕ ಕಿಟಕಿಯ ಬಳಿ ಬಗ್ಗಿದ. “ಧೂಳಣ್ಣ ಮತ್ತು ಅವರ ತಂಗಿ! ಮೇಡಂ, ಆ ಎರಡು ಹಾಳೆ ಕಥೆ ಕೇಳೋಕೆ ಎಲ್ರೂ ಕಾಯ್ತಿದ್ದಾರೆ. ನೀವು ಹೇಳ್ತೀರೋ, ಅಣ್ಣ ಹೇಳ್ತಾರೋ?”

“ಅಣ್ಣ ಹೇಳ್ತಾನೆ” ಎಂದೆ.

ಅಣ್ಣ ಮೈಕು ತೆಗೆದುಕೊಂಡ. ಒಮ್ಮೆ ಗಂಟಲು ಸರಿಮಾಡಿಕೊಂಡ. ಹಗ್ಗದಾಚೆಯ ಮುಖಗಳನ್ನು ನೋಡಿದ. ಆ ಮುಖಗಳು ಈಗಾಗಲೇ ಅರ್ಧ ನಗುತ್ತಿದ್ದವು. ಆ ಅರ್ಧ ನಗುವೇ ಅವನನ್ನು ಕೊಂಡೊಯ್ದಿರಬೇಕು.

“ಏನಂತ ಹೇಳಲಿ ಸ್ವಾಮಿ” ಎಂದ. “ನನ್ನ ತಂಗಿ ಗಣಿತದ ಟೀಚರ್. ಇಪ್ಪತ್ತೆರಡು ಆದ್ಮೇಲೆ ಇಪ್ಪತ್ತನಾಲ್ಕು ಅಂತ ಮಕ್ಕಳಿಗೆ ಹೇಳಿಕೊಟ್ಟಿಲ್ಲ ಅಂದ್ಕೊಂಡಿದ್ದೀನಿ!”

ಅಂಗಳ ಹೋ ಎಂದು ನಕ್ಕಿತು. ಅವನೂ ನಕ್ಕ. ನನ್ನ ಕಡೆ ಮಾತ್ರ ತಿರುಗಲಿಲ್ಲ.

ಮೂವತ್ತೆಂಟು ವರ್ಷದ ಹಿಂದಿನದು ಹೆದರಿದ ಯುವಕನ ಸುಳ್ಳು ಎಂದು ನಾನು ಮಧ್ಯಾಹ್ನವಿಡೀ ನನಗೇ ಸಮಾಧಾನ ಹೇಳಿಕೊಂಡಿದ್ದೆ. ಇದು ಹೆದರಿಕೆಯದ್ದಲ್ಲ. ಅವನಿಂದ ಕಿತ್ತುಕೊಳ್ಳುವಂಥದ್ದು ಈಗ ಏನೂ ಉಳಿದಿರಲಿಲ್ಲ, ಒಂದು ಚಪ್ಪಾಳೆಯ ಹೊರತು. ಅಷ್ಟಕ್ಕೆ ಅವನು ನನ್ನನ್ನು ಎರಡನೆಯ ಸಲ ಕಂದಕಕ್ಕೆ ಬಿಟ್ಟಿದ್ದ.

ನಾನು ಬೆಲ್ಟಿನ ಗುಂಡಿ ಒತ್ತಿದೆ. ನಾಲ್ಕು ಪಟ್ಟಿಗಳೂ ಕಳಚಿ ಬಿದ್ದವು.

“ಏಯ್, ಏನ್ಮಾಡ್ತಿದ್ದೀಯ? ಜನ ನೋಡ್ತಿದ್ದಾರೆ” ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

“ನೋಡಲಿ.”

ಕೆಳಗಿಳಿದು ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು ಬಾಗಿಲು ಮುಚ್ಚಿದೆ. ಮುನಿಸಿಕೊಂಡೆನೆಂದು ಜನ ಇನ್ನಷ್ಟು ನಕ್ಕರು. “ಮೇಡಂಗೆ ಕೋಪ ಬಂತು!” ಎಂದು ನಿರೂಪಕ ಕೂಗಿದ. ಕಾರು ಹೊರಟಿತು. ಅವನ ಪಕ್ಕದಲ್ಲಿ ಹೆಲ್ಮೆಟ್ ಮಾತ್ರ ಕುಳಿತಿತ್ತು. ನಾನು ನೇರವಾಗಿ ಷೆಡ್ಡಿಗೆ ನಡೆದೆ.

ಮೇಲ್ವಿಚಾರಣೆಯ ಯುವತಿ ಒಬ್ಬಳೇ ಇದ್ದಳು. “ಈ ಚೀಟಿಯಲ್ಲಿ ತಪ್ಪಿದೆ” ಎಂದೆ. ಮತ್ತೆ ಗಾಜು ತೆಗೆಸಿ, ಮೂಲೆಗಳನ್ನು ಒಂದೊಂದಾಗಿ ತೋರಿಸಿ, ಮಡಚುವ ಕ್ರಮವನ್ನು ವಿವರಿಸಿದೆ. ಅವಳು ಪುಸ್ತಕದ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಒಂದನೆಯ ಹಾಳೆಯಿಂದ ಇಪ್ಪತ್ತಮೂರರವರೆಗೆ ತಾನೇ ಬೆರಳಿಟ್ಟು ಎಣಿಸಿದಳು. ನನ್ನ ಮಾತನ್ನು ಪರೀಕ್ಷಿಸಿ ನಂಬಿದ ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು.

“ಇಪ್ಪತ್ತಮೂರೂ ಮಡಚಿದೆ, ಮೇಡಂ” ಎಂದಳು.

ಕೈಚೀಲದಿಂದ ಕೆಂಪು ಪೆನ್ನು ತೆಗೆದೆ. ನಿವೃತ್ತಳಾಗಿ ಎರಡು ವರ್ಷವಾದರೂ ಅದನ್ನು ಬಿಟ್ಟಿರಲಿಲ್ಲ. “ನ್ಯಾವಿಗೇಟರ್ ಓದದೆ ಬಿಟ್ಟ ಹಾಳೆ” ಎಂಬ ಸಾಲಿನ ಮೇಲೆ ಒಂದು ನೇರವಾದ ಗೆರೆ ಎಳೆದು, ಕೆಳಗೆ ಬರೆದೆ: “ಈ ಹಾಳೆಯನ್ನು ಓದಲಾಗಿದೆ. ಚಾಲಕ ಕೇಳಲಿಲ್ಲ. ಮೂಲೆಗಳನ್ನು ನೋಡಿ.” ಬರೆದವರು ಯಾರೆಂದು ತಿಳಿಯದ ತಿದ್ದುಪಡಿಗೆ ಬೆಲೆಯಿಲ್ಲ; ಸಹಿ ಹಾಕಿ, ಕೆಳಗೆ “ನ್ಯಾವಿಗೇಟರ್, ಕಾರು ಸಂಖ್ಯೆ ಹದಿನೇಳು” ಎಂದು ಸೇರಿಸಿದೆ.

ತಲೆಯೆತ್ತಿದಾಗ ಅತ್ತಿಗೆ ಎದುರಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ಚೀಟಿಯನ್ನು ಓದಿದಳು, ಮತ್ತೆ ಓದಿದಳು.

“ಟ್ರಂಕಿನಲ್ಲಿ ತಳಕ್ಕೆ, ಹಳೇ ಸ್ವೆಟರಿನಲ್ಲಿ ಸುತ್ತಿಟ್ಟಿದ್ರು” ಎಂದಳು. “ಅಷ್ಟು ಪ್ರೀತಿಯಿಂದ ಕಾಪಾಡಿದ್ದಾರೆ ಅಂದ್ಕೊಂಡೆ.”

ಹೊರಗೆ ಕಾರು ಸುತ್ತು ಮುಗಿಸಿ ಹಿಂದಿರುಗುವ ಸದ್ದು ಹತ್ತಿರವಾಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅತ್ತಿಗೆ ಬಾಗಿಲ ಕಡೆಗೆ ಹೋಗಲಿಲ್ಲ. ಯುವತಿಯ ಕೈಯಿಂದ ಗಾಜಿನ ಮುಚ್ಚಳವನ್ನು ತೆಗೆದುಕೊಂಡು, ಚೀಟಿ ಸರಿಯಾಗಿ ಕಾಣುವಂತೆ ಮುಂದಕ್ಕೆ ಸರಿಸಿ, ತಾನೇ ಮುಚ್ಚಿದಳು.