ಸುಮ್ಮನೆ ನಿಂತ ಹೂವಪ್ಪ

ಗಜೇಂದ್ರಗಡದ ನೇಕಾರ ಹೂವಪ್ಪನ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಅವನಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಅದು ಇದ್ದದ್ದು ಅಂಗೈಯಲ್ಲಿ. ಆ ಅಂಗೈ ಒಂದು ದಿನ ಮಗಳು ಹೊನ್ನವ್ವನ ಕೆನ್ನೆಗೆ ಬಿತ್ತು. ಹುಡುಗಿಗೆ ಎಡಗಿವಿ ಕೇಳಿಸದಂತಾಯಿತು. ಸೋದರಮಾವ ಬಂದು ಅವಳನ್ನು ಹೊಳೆಆಲೂರಿಗೆ ಕರೆದುಕೊಂಡು ಹೋದ.

ಹೂವಪ್ಪ ದೀಕ್ಷಾಸ್ನಾನ ಪಡೆದವನು, ಭಾನುವಾರದ ಆರಾಧನೆ ತಪ್ಪಿಸದವನು. ಪಾದ್ರಿಗಳ ಮುಂದೆ ಕೂತು ಅತ್ತ.

"ಸಿಟ್ಟು ಬಂದಾಗ ಬಾಯಿ ತೆರೀಬ್ಯಾಡ. ಕಣ್ಣು ಮುಚ್ಚಿ ಕರ್ತನ ಪ್ರಾರ್ಥನಾ ಮನಸಿನ್ಯಾಗ ಪೂರಾ ಹೇಳು. ಆಮ್ಯಾಲೆ ಮಾತಾಡು," ಎಂದರು ಅವರು.

ನಗಬೇಡಿ, ಅವನು ಮೂರು ವರ್ಷ ಹಾಗೆಯೇ ಮಾಡಿದ. ನೂಲು ಹರಿದರೂ, ಸಾರು ಸಪ್ಪೆಯಾದರೂ ಕಣ್ಣು ಮುಚ್ಚಿ ನಿಂತ. ಕೈ ಒಮ್ಮೆಯೂ ಏಳಲಿಲ್ಲ.

೧೯೫೪ರ ಕ್ರಿಸ್ಮಸ್ಸಿಗೆ ಹೊನ್ನವ್ವ ಬಂದಳು. "ಹೊಸಾ ವರ್ಷದ ತನಕಾ ಇದ್ದು ನೋಡ್ತೀನಿ. ಚಲೋ ಅನಿಸಿದ್ರ ಇಲ್ಲೇ ಉಳೀತೀನಿ," ಎಂದು ತಾಯಿ ಬಾಳವ್ವನಿಗೆ ಹೇಳಿದಳು. ಹೂವಪ್ಪನಿಗೆ ಬದುಕಿನಲ್ಲಿ ಬೇರೇನೂ ಬೇಕಿರಲಿಲ್ಲ.

ಹಬ್ಬವಾದ ಮೂರನೆಯ ಬೆಳಿಗ್ಗೆ ಮಗ್ಗಕ್ಕೇರಿಸುವ ಹಾಸುನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಡಹೆಂಡತಿ ಗಂಜಿ ಬಳಿಯುತ್ತಿದ್ದರು. ತುದಿಯ ಕೋಲು ಹಿಡಿದವಳು ಹೊನ್ನವ್ವ. ಆ ಕೋಲನ್ನು ಗೂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಕೊಳ್ಳುತ್ತಿದ್ದುದನ್ನು ಕಂಡ ಹೂವಪ್ಪ, "ಕೋಲು ಬಿಡಬ್ಯಾಡವಾ," ಎಂದು ಕೂಗಿದ. ಹಗ್ಗ ಬಿಗಿಯಾಗಿಯೇ ಇದೆ ಎಂದುಕೊಂಡು ಅವಳು ಕೋಲು ಬಿಟ್ಟಳು. ಹಸಿ ನೂಲೆಲ್ಲ ಮಣ್ಣುಪಾಲಾಯಿತು.

ಹೂವಪ್ಪನ ಮೈಯೆಲ್ಲ ಉರಿಯಿತು. ನಿಂತಲ್ಲೇ ನಿಂತು ಕಣ್ಣು ಮುಚ್ಚಿದ. ಕ್ಷಮೆ ಕೇಳುವ ಸಾಲಿಗೆ ಬಂದಾಗ ಹೊಳೆಯಿತು: ತಾನು ಕೂಗಿದ್ದು ಅವಳ ಎಡಕ್ಕೆ ನಿಂತು. ಆ ಕಿವಿಯನ್ನು ಕೆಡಿಸಿದವನೂ ತಾನೇ. ನಾಚಿಕೆಯಾಯಿತು. ಸಿಟ್ಟು ನಿಜವಾಗಿಯೂ ಇಳಿದುಹೋಯಿತು. "ಹೋಗಲಿ ಬಿಡು ಮಗಳ," ಎನ್ನಬೇಕೆಂದು ಕಣ್ಣು ತೆರೆದ.

ಹೊನ್ನವ್ವ ಇರಲಿಲ್ಲ.

"ಮೋಟಾರ ಸ್ಟ್ಯಾಂಡಿಗೆ ಓಡಿದ್ಲು. ಇನ್ನ ಬರೂದಿಲ್ಲಂತ," ಎಂದಳು ಬಾಳವ್ವ.

"ಯಾಕ? ನಾ ಕೈ ಎತ್ತಲಿಲ್ಲ, ಬೈಲಿಲ್ಲ."

"ಹೊಡಿಯೂಕಿಂತ ಮೊದಲ ಯಾವಾಗ್ಲೂ ನೀವು ಹಿಂಗ ಕಣ್ಣು ಮುಚ್ಚಿ ಸುಮ್ಮನ ನಿಂದರತಿದ್ರಿ. ಅಕಿ ಕಿವಿ ಹೋದ ದಿನಾನೂ ಹಿಂಗ ನಿಂತಿದ್ರಿ."

"ಈಗ ಪ್ರಾರ್ಥನಾ ಮಾಡಾಕತ್ತಿದ್ದೆ."

"ನಮಗ ಹ್ಯಾಂಗ ತಿಳೀಬೇಕ್ರಿ? ನೀವು ನಿಂತಾಗೆಲ್ಲಾ ನಾ ಒಳಗ ಹೋಗಿ ಕದಾ ಹಾಕ್ಕೊಂತಿದ್ದೆ. ನಿಮಗ ಕಾಣಲಿಲ್ಲ, ಕಣ್ಣು ಮುಚ್ಚಿದ್ರಲ್ಲ."

ಮೂರು ವರ್ಷ ಇದನ್ನು ಬಾಯಿಬಿಟ್ಟು ಹೇಳದವಳ ಮೇಲೆ ಅವನಿಗೆ ಸಿಟ್ಟು ನೆತ್ತಿಗೇರಿತು. ಅಂಗೈ ಬಿಸಿಯಾಯಿತು. ರೂಢಿಯಂತೆ ಕಣ್ಣು ಮುಚ್ಚಿ ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದ. ಬಾಳವ್ವನ ಹೆಜ್ಜೆಗಳು ಹಿಂದೆ ಸರಿದದ್ದು ಕೇಳಿಸಿತು. ಆಮೇಲೆ ಕದದ ಅಗಳಿ ಬಿದ್ದ ಸಪ್ಪಳ.

ಹೂವಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೈ ಏಳುತ್ತದೆಂದು ಅವನಿಗೆ ಗೊತ್ತಿತ್ತು.