ನಮ್ಮ ಮನೆಯ ಎದೆ

ಸೂಜಿ ಚುಚ್ಚುವಾಗಲೂ ಸ್ಮರಂದಾ ಮುಖ ಆಚೆ ತಿರುಗಿಸಲಿಲ್ಲ. ಕೊಳವೆಯಲ್ಲಿ ರಕ್ತ ಏರುವುದನ್ನೇ ನೋಡುತ್ತ, "ಬೇಕಾದ್ರೆ ಇನ್ನೊಂದು ತುಂಬ್ಕೊಳ್ಳಿ ಸಿಸ್ಟರ್. ನಮ್ಮ ಮನೆತನದಲ್ಲಿ ಉಳಿದಿರೋದು ನಾವಿಬ್ಬರೇ, ಆಮೇಲೆ ಕೇಳಿದ್ರೆ ಸ್ಟಾಕ್ ಇರಲ್ಲ" ಎಂದು ನಕ್ಕಳು. ಗಲಾಟ್ಸಿ ಊರಿನ ಔಷಧದ ಅಂಗಡಿಯಲ್ಲಿ ಹದಿಮೂರು ವರ್ಷ ನಿಂತವಳ ಮಾತು ಅದು.

ಪಕ್ಕದ ಮಂಚದ ಫ್ರೋಸಾ ಮುದುಕಿ ದಿಂಬಿನಿಂದ ತಲೆಯೆತ್ತಿದಳು. "ಇಂಥಾ ಮಗಳಿದ್ದಿದ್ರೆ ನಾನು ಯಾವತ್ತೋ ಗುಣವಾಗಿ ಮನೆಗೆ ಹೋಗ್ತಿದ್ದೆ ಕಣಮ್ಮ ಅಗ್ಲಾಯಾ. ನನ್ನ ಮಗ ಕತ್ತು ಕೊಯ್ದ್ರೂ ಒಂದು ಹನಿ ಕೊಡೋನಲ್ಲ."

ನರ್ಸ್ ಕೊಳವೆಗೆ ಚೀಟಿ ಅಂಟಿಸಿ 'ರೋಗಿಯ ಮಗಳು, ೩೭' ಎಂದು ಬರೆದಳು. ಅದನ್ನು ಅಗ್ಲಾಯಾಳ ರಕ್ತದ ಕೊಳವೆಯ ಪಕ್ಕದಲ್ಲೇ ಇಟ್ಟು ತಳ್ಳುಗಾಡಿ ನೂಕಿಕೊಂಡು ಹೋದಳು. ಗಾಡಿಯ ಸದ್ದು ಓಣಿಯ ತುದಿಯಲ್ಲಿ ನಿಲ್ಲುವವರೆಗೂ ಅಗ್ಲಾಯಾ ಅದಕ್ಕೇ ಕಿವಿಗೊಟ್ಟು ಕೂತಿದ್ದಳು.

ಅರವತ್ತೇಳು ವರ್ಷದ ಅವಳಿಗೆ ಈಗ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಹೃದಯದ ಕವಾಟಕ್ಕೆ ಸುಣ್ಣ ಕಟ್ಟಿತ್ತು. ಪ್ರತಿ ಬಡಿತಕ್ಕೂ ತೆರೆಯಬೇಕಾದದ್ದು ಕಿರುಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ಎದೆ ತೆರೆದು ಹೊಸದನ್ನು ಹಾಕಬೇಕೆಂದು ಯಾಶಿ ನಗರದ ಈ ಆಸ್ಪತ್ರೆಗೆ ಕಳಿಸಿದ್ದರು. ಸೇರಿದ ಮೊದಲ ದಿನವೇ ಡಾಕ್ಟರ್ ಪ್ರಿಕೋಪ್ ತಮ್ಮ ಸಂಶೋಧನೆಯ ವಿಷಯ ಎತ್ತಿದ್ದರು.

"ನೀವು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವರಂತೆ. ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಏನು ಮಾಡ್ತಿದ್ರಿ?"

"ತಂತಿ ಸುತ್ತಿ ಬಿಗೀತಿದ್ವಿ."

"ಜೀವಕೋಶದ ಒಳಗೂ ಅಂಥ ಎಳೆಗಳಿವೆ, ತುದಿಗೆ ಅಂಥದೇ ಕಟ್ಟು. ಒಂದು ಕೋಶ ಎರಡಾಗುವಾಗೆಲ್ಲ ಆ ಕಟ್ಟು ಒಂದಿಷ್ಟು ಸವೆಯುತ್ತೆ. ಸವೆದು ಸವೆದು ಕೊನೆಗೆ ಕೋಶಕ್ಕೆ ಮುಪ್ಪು. ಕೆಲವು ಮನೆತನಗಳಲ್ಲಿ ಹುಟ್ಟುವಾಗಲೇ ಕಟ್ಟು ಗಿಡ್ಡ. ಹಾಗೆ ಬೇಗ ಮುಪ್ಪಾದ ಕವಾಟವೇ ಮೂಳೆಯ ಥರ ಸುಣ್ಣ ಹಿಡಿಯುತ್ತಾ ಅಂತ ನಮ್ಮ ಅನುಮಾನ. ಅದಕ್ಕೇ ತಂದೆ ತಾಯಿ, ಮಕ್ಕಳು ಎಲ್ಲರ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡ್ತಿದೀವಿ."

ಅಗ್ಲಾಯಾ ಯೋಚನೆ ಮಾಡುವಷ್ಟರಲ್ಲಿ ಸ್ಮರಂದಾ ಒಪ್ಪಿಗೆಗೆ ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡಾಗಿತ್ತು. "ನಮ್ಮದು ಅಂಥದೇ ಮನೆ ಡಾಕ್ಟ್ರೇ. ತಾತ ಐವತ್ತೊಂದಕ್ಕೆ ಹೋದ್ರು, ಕೋಸ್ತಾಕೆ ಮಾವ ಐವತ್ನಾಲ್ಕಕ್ಕೆ. ಮೂವತ್ತಕ್ಕೆಲ್ಲ ಎಲ್ಲರ ತಲೇನೂ ಬೆಳ್ಳಗೆ. ನನ್ನದೇ ನೋಡಿ!" ಎಂದು ತಲೆ ಬಗ್ಗಿಸಿ ಬೈತಲೆ ತೋರಿಸಿದ್ದಳು.

ನಮ್ಮ ಮನೆಯ ಎದೆ. ಅಗ್ಲಾಯಾಳ ತವರಲ್ಲಿ ಹುಟ್ಟಿದ ಮಾತು ಅದು; ಮೂಗು, ಗಲ್ಲದ ವಿಷಯ ಹೇಳುವ ಹಾಗೆಯೇ ಹೇಳುತ್ತಿದ್ದರು. ಸ್ಮರಂದಾ ಆ ಮಾತು ಕೇಳಿಕೊಂಡೇ ಬೆಳೆದಳು. ಶಾಲೆಯಲ್ಲಿ ಓಟ ಬಿಟ್ಟಳು. ಮೆಟ್ಟಿಲು ಹತ್ತಿದರೆ ನಾಡಿ ಹಿಡಿದುಕೊಳ್ಳುತ್ತಿದ್ದಳು. ಟ್ರಾಮ್ ನಡೆಸುತ್ತಿದ್ದ ಟಿಬೇರಿಯು ಎಂಬವನ ಜತೆ ಏಳು ವರ್ಷ ಬಾಳಿದಳು. ಅವನಿಗೆ ಮಗು ಬೇಕಿತ್ತು. "ಈ ಎದೆಯನ್ನ ಇನ್ನೊಂದು ಕೂಸಿಗೆ ದಾಟಿಸೋ ಪಾಪ ನನಗೆ ಬೇಡ" ಎಂದಳು ಇವಳು. ಎರಡು ವರ್ಷದ ಹಿಂದೆ ಅವನು ಹೊರಟುಹೋದ. ಈಗ ಬ್ರಾಯ್ಲಾದಲ್ಲಿ ಅವನಿಗೆ ಹೆಂಡತಿಯೂ ಇದ್ದಾಳೆ, ಹಾಲು ಕುಡಿಯುವ ಗಂಡುಮಗುವೂ ಇದೆ.

ಆ ಎದೆ ಸ್ಮರಂದಾಳದ್ದಲ್ಲವೆಂದು ಬಲ್ಲವರು ಇಬ್ಬರೇ ಇದ್ದರು: ಅಗ್ಲಾಯಾ ಮತ್ತು ಅವಳ ಗಂಡ ನೆಕುಲಾಯ್. ಬಕಾವ್ ಊರಿನ ಅನಾಥಾಲಯದಿಂದ ಹನ್ನೊಂದು ತಿಂಗಳ ಕೂಸನ್ನು ತಂದು, ಯಾರೂ ಗುರುತಿಸದ ಗಲಾಟ್ಸಿಗೆ ವರ್ಗ ಮಾಡಿಸಿಕೊಂಡು ಬಂದಿದ್ದರು. ನೆಕುಲಾಯ್ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಬಲ್ಲವಳು ಅವಳೊಬ್ಬಳೇ.

ಹೇಳಬೇಕೆಂದು ಅನ್ನಿಸದೇ ಇರಲಿಲ್ಲ. ಟಿಬೇರಿಯು ಹೋದ ದಿನ ಹೇಳಿಯೇಬಿಡುತ್ತೇನೆಂದು ಒಲೆ ಆರಿಸಿ ಕೂತಿದ್ದಳು. ಸ್ಮರಂದಾ ಅವನನ್ನು ಬೀಳ್ಕೊಟ್ಟು ಬಂದವಳೇ ಕೋಟನ್ನೂ ತೆಗೆಯದೆ ಅವಳ ತೊಡೆಯ ಮೇಲೆ ತಲೆ ಇಟ್ಟು, "ಹೋಗ್ಲಿ ಬಿಡಮ್ಮ. ನನ್ನ ರಕ್ತದವಳು ನೀನೊಬ್ಬಳಿದೀಯಲ್ಲ, ಸಾಕು" ಎಂದಿದ್ದಳು. ಅಗ್ಲಾಯಾ ಮತ್ತೆ ಒಲೆ ಹಚ್ಚಿದ್ದಳು.

ಸ್ಮರಂದಾ ಕೊವ್ರಿಗ್ ಎಂಬ ಉಪ್ಪು ಉದುರಿಸಿದ ಬಳೆಯಾಕಾರದ ಬ್ರೆಡ್ ತರಲು ಬೀದಿಗೆ ಇಳಿದ ಮೇಲೆ ಅಗ್ಲಾಯಾ ಗೋಡೆ ಹಿಡಿದು ಡಾಕ್ಟರ ಕೋಣೆಗೆ ಹೋದಳು. ಇಪ್ಪತ್ತು ಮಾರು ದೂರಕ್ಕೆ ಮೂರು ಸಲ ನಿಂತಳು.

"ಡಾಕ್ಟ್ರೇ, ಮಗಳ ರಕ್ತ ಚೆಲ್ಲಿಬಿಡಿ."

ಪ್ರಿಕೋಪ್ ಕನ್ನಡಕ ತೆಗೆದರು. "ಕೊಟ್ಟವರೇ ವಾಪಸ್ ಕೇಳಬೇಕಲ್ಲಮ್ಮ. ನೀವು ಕೇಳಿದ್ರೆ ಆಗಲ್ಲ. ಯಾಕೆ, ಏನಾಯ್ತು?"

ಅವಳು ಕುರ್ಚಿಯ ಬೆನ್ನು ಹಿಡಿದು ಉಸಿರು ಕೂಡಿಸಿಕೊಳ್ಳುತ್ತ ನಿಂತಳು. ಅವರು ಕಾದರು. ಆಮೇಲೆ ಅವರ ಮುಖದಲ್ಲೇ ಅರ್ಥವಾದದ್ದು ಕಾಣಿಸಿತು.

"ಅವರಿಗೆ ಗೊತ್ತಿಲ್ವಾ?"

"ಇಲ್ಲ."

"ನಾವು ಒಬ್ಬೊಬ್ಬರಿಗೆ ಅಂತ ಫಲಿತಾಂಶ ಕೊಡಲ್ಲ. ನೀವು ಸುಮ್ಮನಿದ್ರೆ ಅವರಿಗೆ ಗೊತ್ತಾಗೋದೂ ಇಲ್ಲ." ಅವರು ಕನ್ನಡಕದ ಗಾಜು ಒರೆಸಿದರು. "ಆದರೆ ನಿನ್ನೆ ಅವರ ಎದೆ ಸ್ಕ್ಯಾನ್ ಮಾಡಿದ್ದು ನಾನೇ. ಕವಾಟ ಸ್ವಚ್ಛ ಇದೆ, ಚೆನ್ನಾಗಿದೆ ಅಂದೆ. ಏನಂದ್ರು ಗೊತ್ತಾ? 'ಇನ್ನೂ ಶುರುವಾಗಿಲ್ಲ, ಅಷ್ಟೇ ತಾನೆ' ಅಂದ್ರು."

ಅಗ್ಲಾಯಾ ಕುರ್ಚಿಯಲ್ಲಿ ಕೂತಳು.

"ನಾಡಿದ್ದು ನಿಮ್ಮ ಆಪರೇಷನ್. ನಾನು ಹೇಳೋ ಮಾತಲ್ಲ ಇದು, ನೀವು ಹೇಳೋದು" ಎಂದರು ಅವರು.

ಆಸ್ಪತ್ರೆಯ ಹಿಂದೆ, ಎಲೆ ಉದುರಿಸಿಕೊಂಡ ಮರಗಳ ಕೆಳಗೆ ಒಂದು ಬೆಂಚು. ಸ್ಮರಂದಾ ಬಿಸಿ ಕೊವ್ರಿಗನ್ನು ಮುರಿದು ಉಪ್ಪಿಲ್ಲದ ತುಂಡನ್ನು ತಾಯಿಗೆ ಕೊಟ್ಟಳು. ಅಗ್ಲಾಯಾ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಮೂವತ್ತಾರು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಸಿಗಲಿಲ್ಲ.

"ನಿನ್ನನ್ನ ಹೆತ್ತವಳು ನಾನಲ್ಲ ಕಣೇ."

ಸ್ಮರಂದಾ ಅಗಿಯುವುದನ್ನು ನಿಲ್ಲಿಸಲಿಲ್ಲ. "ಏನು, ನಿದ್ದೆ ಮಾತ್ರೆ ಕೊಟ್ರಾ ಬೆಳಿಗ್ಗೆ?"

"ಬಕಾವ್‌ನ ಅನಾಥಾಲಯದಿಂದ ತಂದ್ವಿ. ನಾನೂ ನಿಮ್ಮಪ್ಪಾನೂ. ನಮಗೆ ಮಕ್ಕಳಾಗಲಿಲ್ಲ. ನಿನಗೆ ಈ ಎದೆ ಇಲ್ಲಮ್ಮ, ಯಾವತ್ತೂ ಇರಲಿಲ್ಲ."

ಒಂದು ಗುಬ್ಬಿ ಬಂದು ಬಿದ್ದ ಚೂರು ಹೆಕ್ಕಿತು. ಇನ್ನೊಂದು ಬಂತು. ಸ್ಮರಂದಾ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದಳು. ಕೈ ತಾನೇ ತಾನಾಗಿ ಬೈತಲೆಗೆ ಹೋಯಿತು.

"ಹಾಗಾದ್ರೆ ಈ ನರೆ ಯಾರದು?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ಲ." ಅವಳು ಆ ಮಾತನ್ನು ಇನ್ನೊಮ್ಮೆ ಹೇಳಿ ನೋಡಿದಳು. ಆಮೇಲೆ ದನಿ ಏರಿಸದೆಯೇ ಕೇಳಿದಳು: "ಟಿಬೇರಿಯು ಪೆಟ್ಟಿಗೆ ಕಟ್ಟುವಾಗ ನೀನು ಎಲ್ಲಿದ್ದೆ ಅಮ್ಮ?"

"ಅಡುಗೆಮನೇಲಿ."

"ಹೌದು. ನೀನು ಅವನಿಗೆ ದಾರಿಗೆ ಬುತ್ತಿ ಕಟ್ಟಿಕೊಡ್ತಿದ್ದೆ. ನನಗೆ ಚೆನ್ನಾಗಿ ನೆನಪಿದೆ."

"ನೀನು ನನ್ನ ಬಿಟ್ಟು ಹೋಗ್ತೀಯೇನೋ ಅಂತ..."

"ಅವನು ಹೋದನಲ್ಲ!" ಈಗ ಮಾತ್ರ ಅವಳ ದನಿ ಒಡೆಯಿತು. "ನೀನು ಒಂಟಿಯಾಗಬಾರದು ಅಂತ ನನ್ನನ್ನ ಒಂಟಿ ಮಾಡಿದೆಯಲ್ಲಮ್ಮ."

ಅಗ್ಲಾಯಾಳ ಉಸಿರು ಕಟ್ಟಿತು. ಅವಳ ತುಟಿ ನೀಲಿಗಟ್ಟುವುದನ್ನು ಕಂಡು ಸ್ಮರಂದಾ ಎದ್ದು ಹೋಗಿ ಗಾಲಿಕುರ್ಚಿ ತಂದಳು. ಕೂರಿಸಿ, ಕಾಲ ಮೇಲೆ ಹೊದಿಕೆ ಎಳೆದು, ವಾರ್ಡಿನವರೆಗೂ ತಳ್ಳಿಕೊಂಡು ಬಂದಳು. ಮಂಚಕ್ಕೆ ಮಲಗಿಸಿ ತನ್ನ ಚೀಲ ತೆಗೆದುಕೊಂಡು ಸಂಜೆಯ ರೈಲಿಗೆ ಹೊರಟುಹೋದಳು.

"ಜಗಳವಾ?" ಎಂದಳು ಫ್ರೋಸಾ.

"ಅಲ್ಲ."

"ಜಗಳವೇ ಆಗಿದ್ರೆ ಪರವಾಗಿರಲಿಲ್ಲ ಅನ್ನು" ಎಂದು ಫ್ರೋಸಾ ಗೋಡೆಯ ಕಡೆ ಮಗ್ಗುಲಾದಳು.

ಮಾರನೆಯ ದಿನ ಬೆಳಿಗ್ಗೆ ಪ್ರಿಕೋಪ್ ಬಂದು ನಾಡಿ ನೋಡಿದರು. ಕೈ ಬಿಡುವ ಮುಂಚೆ ಮೆಲ್ಲಗೆ, "ಫೋನ್ ಮಾಡಿದ್ರು. ರಕ್ತ ವಾಪಸ್ ಪಡೆದ್ರು" ಎಂದರು. ಅಗ್ಲಾಯಾ ತಲೆಯಾಡಿಸಿದಳು. ತಾನು ಕೇಳಿದ್ದೂ ಅದನ್ನೇ ಅಲ್ಲವೇ. ಆದರೂ ದಿನವಿಡೀ ಯಾರೋ ತನ್ನ ಹೆಸರನ್ನು ಎಲ್ಲಿಂದಲೋ ಅಳಿಸುತ್ತಿರುವ ಹಾಗೆ ಅನ್ನಿಸುತ್ತಲೇ ಇತ್ತು. ಅದರ ಮಾರನೆಯ ದಿನ ಆಪರೇಷನ್ ಕೋಣೆಗೆ ಒಯ್ಯುವಾಗ ಅವಳಿಗೆ ಹೆದರಿಕೆಯಾಗಲಿಲ್ಲ. ಏಳದಿದ್ದರೂ ಆದೀತು ಎನ್ನುವಷ್ಟು ದಣಿದಿದ್ದಳು.

ಎದ್ದಳು. ಎರಡು ದಿನ ಕೊಳವೆ, ಬಾಯಾರಿಕೆ, ಯಾರದೋ ಕೈಗಳು. ಮೂರನೆಯ ದಿನ ವಾರ್ಡಿಗೆ ತಂದರು. ಫ್ರೋಸಾಳ ಮಂಚ ಖಾಲಿಯಾಗಿತ್ತು; ಮಗ ಬಂದು ಕರೆದುಕೊಂಡು ಹೋದನಂತೆ. ಸೀಳಿ ಹೊಲಿದ ಎದೆಗೆ ಅವುಚಿಕೊಳ್ಳಲು ನರ್ಸ್ ಒಂದು ಗಟ್ಟಿ ದಿಂಬು ಕೊಟ್ಟು, "ಕಫ ನಿಲ್ಲಬಾರದು, ಗಂಟೆಗೊಮ್ಮೆ ಕೆಮ್ಮಬೇಕು. ಕೆಮ್ಮುವಾಗ ಇದನ್ನ ಗಟ್ಟಿಯಾಗಿ ಒತ್ಕೊಳ್ಳಿ" ಎಂದಿದ್ದಳು. ಕೈಯಲ್ಲಿ ಬಲವಿರಲಿಲ್ಲ. ನೋವಿಗೆ ಹೆದರಿ ಅಗ್ಲಾಯಾ ಕೆಮ್ಮನ್ನು ನುಂಗಿಕೊಂಡೇ ಇದ್ದಳು.

ಐದನೆಯ ದಿನ ಮಧ್ಯಾಹ್ನ ಸ್ಮರಂದಾ ಬಂದಳು. ಡಬ್ಬಿಯಲ್ಲಿ ಕೋಳಿ ಸಾರು ತಂದಿದ್ದಳು. ಕೋಟು ತೆಗೆದು ಕುರ್ಚಿಗೆ ಹಾಕಿ ಕೂತಳು. ಮುಖ ಇಳಿದಿತ್ತು, ಒಂದು ವಾರದಲ್ಲಿ ಐದು ವರ್ಷ ಕಳೆದವಳ ಹಾಗಿದ್ದಳು.

"ಎಲ್ಲ ಸರಿಹೋಯ್ತು ಅಂದ್ಕೋಬೇಡ" ಎಂದಳು.

"ಇಲ್ಲ."

"ಬರಬಾರದು ಅಂತಲೇ ಇದ್ದೆ. ಅಂಗಡೀಲಿ ಯಾರೋ ಬಂದು ಅವರಮ್ಮನಿಗೆ ಮಾತ್ರೆ ಕೇಳಿದ್ರು. ಕೊಟ್ಟು, ಬಾಗಿಲು ಹಾಕಿ ಬಂದೆ."

ಸಾರು ಚಮಚ ಚಮಚವಾಗಿ ಅರ್ಧ ಇಳಿಯಿತು. ಗಲ್ಲದ ಮೇಲೆ ಹರಿದದ್ದನ್ನು ಸ್ಮರಂದಾ ಅಂಗೈಯಲ್ಲೇ ಒರೆಸಿದಳು. ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸುತ್ತ, ಅದನ್ನೇ ನೋಡುತ್ತ ಕೇಳಿದಳು.

"ಹೇಗಿದ್ದೆ ನಾನು? ಅಲ್ಲಿ."

ಅಗ್ಲಾಯಾ ಕಣ್ಣು ಮುಚ್ಚಿದಳು. "ತಲೆ ಬೋಳಿಸಿದ್ರು. ಹನ್ನೊಂದು ತಿಂಗಳಾದ್ರೂ ಕೂರೋಕೆ ಬರ್ತಿರಲಿಲ್ಲ. ಸಾಲಾಗಿ ಮಂಚ, ಒಂದು ಮಂಚಕ್ಕೆ ಎರಡೆರಡು ಕೂಸು. ಯಾರೂ ಅಳ್ತಿರಲಿಲ್ಲ, ಅದೇ ನನಗೆ ತಡೆಯೋಕಾಗಲಿಲ್ಲ. ನಿಮ್ಮಪ್ಪ ನಿನ್ನ ಎತ್ಕೊಂಡ್ರು. ನೀನು ಅವರ ಕೋಟಿನ ಗುಂಡಿ ಬಾಯಿಗೆ ಹಾಕ್ಕೊಂಡು ಬಿಡಲೇ ಇಲ್ಲ. ಕೊನೆಗೆ ಅಲ್ಲಿದ್ದ ದಾದಿ 'ಗುಂಡಿ ಕಿತ್ಕೊಂಡೇ ಹೋಗಲಿ ಬಿಡಿ' ಅಂದಳು..."

ಉಳಿದದ್ದು ಹೊರಬರಲಿಲ್ಲ. ಎದೆಯ ಆಳದಲ್ಲಿ ತಡೆದಿಟ್ಟಿದ್ದ ಕೆಮ್ಮು ಎದ್ದಿತ್ತು. ಅವಳು ಹಲ್ಲು ಕಚ್ಚಿ, ಮಂಚದ ಅಂಚು ಹಿಡಿದು ಅದನ್ನು ಕೆಳಗೆ ತಳ್ಳಲು ನೋಡಿದಳು.

ಸ್ಮರಂದಾ ಎದ್ದಳು. ದಿಂಬನ್ನು ತಾಯಿಯ ಎದೆಯ ಮೇಲಿಟ್ಟು, ಒಂದು ಕೈ ಬೆನ್ನ ಹಿಂದೆ ಹಾಕಿ, ಇನ್ನೊಂದು ಅಂಗೈಯಿಂದ ದಿಂಬನ್ನು ಬಿಗಿಯಾಗಿ ಒತ್ತಿ ಹಿಡಿದಳು.

"ಹೂಂ," ಎಂದಳು. "ಕೆಮ್ಮು."