ಕೆಂಪು ಚುಕ್ಕೆಗಳ ಚಿತ್ರ

ಸಂಶೋಧನಾ ಸಂಸ್ಥೆಯ ನಿರ್ದೇಶಕರು ಅಮ್ಮನ ಹೆಣದ ಕಾಲ ಬಳಿ ಗಾಜಿನ ಚೌಕಟ್ಟಿನ ಚಿತ್ರವನ್ನು ನಿಲ್ಲಿಸಿ, ಗಾಜಿನ ಮೇಲೆ ಉಳಿದ ತಮ್ಮ ಬೆರಳಿನ ಗುರುತನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಚಿತ್ರದಲ್ಲಿ ಪ್ರಯೋಗಾಲಯದ ದುಂಡನೆಯ ತಟ್ಟೆ, ಅದರ ತುಂಬ ಬೆಳೆದ ಯೀಸ್ಟಿನ ಕೆಂಪು ಚುಕ್ಕೆಗಳು. ಮಗಳು ಮುಖ ತಿರುಗಿಸಿದಳು. ಚಿತಾಗಾರದ ಹೂವಿನ ವಾಸನೆಗಲ್ಲ.

“ನಮ್ಮ ಸಂಸ್ಥೆಗೆ ಹೆಸರು ತಂದ ಚುಕ್ಕೆಗಳಿವು,” ಎಂದು ನೆರೆದವರಿಗೆ ಹೇಳಿ ಅವರು ಮಗಳತ್ತ ಬಾಗಿದರು. “ಫೋನಲ್ಲಿ ಹೇಳಿದ್ನಲ್ಲ, ಅಮ್ಮ ಪ್ರಯೋಗ ಬರೀತಿದ್ದ ನೀಲಿ ಪುಸ್ತಕ ತಂದಿದೀಯಾ, ಮಗೂ? ಪ್ರಾಣದ ಹಾಗೆ ನೋಡ್ಕೊಂಡಿದ್ರು. ಅವರ ಜೊತೇಲೇ ಹೋಗ್ಲಿ.”

“ಬೆಂಕಿಗಾ?”

ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಹೆಂಗಸು ಮೂಗು ಮುರಿದಳು. “ಆಯಮ್ಮ ಬದುಕಿದ್ದಾಗ ಆ ಪುಸ್ತಕ ತಂದ್ರೆ ಇವರಿಗೆ ಬರೀ ಮೀಟಿಂಗು. ಈಗ ನೋಡಿ, ಎಷ್ಟು ಪುರುಸೊತ್ತು!”

ಚಿಕ್ಕಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು: “ಕೊಟ್ಬಿಡೇ. ತಪ್ಪು ಮಾಡಿದ್ದು ಅಕ್ಕನೇ ತಾನೆ? ಸತ್ತ ಮೇಲಾದ್ರೂ ಮಾನ ಉಳೀಲಿ.”

*

ಬದುಕಿದ್ದಾಗ ಒಂದು ದಿನ ಅಡುಗೆಮನೆಯ ಮೇಜಿನ ಮೇಲೆ ಅಮ್ಮ ಎರಡು ತಟ್ಟೆ ಇಟ್ಟಿದ್ದಳು. ಒಂದರಲ್ಲಿ ಕೆಂಪು ಚುಕ್ಕೆ, ಇನ್ನೊಂದರಲ್ಲಿ ಬಿಳಿ.

“ಒಂದು ಜೀನ್ ದೀಪದ ಹಾಗೆ ಆರಿದ್ರೆ ಯೀಸ್ಟ್ ಕೆಂಪಾಗುತ್ತೆ. ಅದನ್ನ ಆರಿಸೋ ಸ್ವಿಚ್ಚೇ ಸಿಕ್ತು ಅಂತ ವಿಜ್ಞಾನ ಪತ್ರಿಕೇಲಿ ಬರೆದ್ವಿ. ಆದ್ರೆ ಫ್ರೀಜರ್‌ನಿಂದ ಯೀಸ್ಟಿನ ಕೊಳವೆ ತೆಗೆಯುವಾಗ ನಾನು ಲೇಬಲ್ ಮೇಲಿನ ಹಿಮ ಒರೆಸಿರಲಿಲ್ಲ ಕಣೇ. ಪಕ್ಕದ್ದು ಕೈಗೆ ಬಂತು. ಅದ್ರಲ್ಲಿ ಆ ಜೀನೇ ಇರಲಿಲ್ಲ. ದೀಪ ಆರಿಸಿದ್ದಲ್ಲ, ಅಲ್ಲಿ ದೀಪವೇ ಇರಲಿಲ್ಲ. ಸರಿಯಾದ ಕೊಳವೆಯಿಂದ ಬೆಳೆಸಿದ್ದು ಈ ಬಿಳಿ.”

“ಹೇಳಿದ್ಯಾ ನಿಮ್ಮ ನಿರ್ದೇಶಕರಿಗೆ?”

“ಒಂಬತ್ತು ವರ್ಷದಿಂದ. ‘ಲೇಖನದಲ್ಲಿ ಮೊದಲು ಇರೋದು ನಿಮ್ಮ ಹೆಸರು, ಅವಮಾನ ನಿಮಗೇ’ ಅಂತಾರೆ. ನಂದು ತಾನೆ ಆ ಅವಮಾನ? ನಂಗೆ ಕೊಡ್ಲಿ.”

ಅಮ್ಮ ನೀಲಿ ಪುಸ್ತಕ ತೆರೆದು ಬಿಳಿ ಚುಕ್ಕೆಗಳನ್ನು ಇನ್ನೊಮ್ಮೆ ಎಣಿಸಿ ಬರೆದಳು. ಕೆಳಗೆ ತಾರೀಕು ಹಾಕಿ ರುಜು ಮಾಡಿದಳು.

*

ಚಿತಾಗಾರದ ಕೆಲಸದವನು ಒಲೆಯ ಬಾಗಿಲು ತೆರೆದ. “ಜೊತೇಲಿ ಹಾಕೋದೇನಾದ್ರೂ ಇದ್ರೆ ಈಗ್ಲೇ ಕೊಡಿ.”

ನಿರ್ದೇಶಕರ ಕೈ ಮಗಳ ಚೀಲದತ್ತ ಚಾಚಿತು. ಮೆತ್ತನೆಯ ಕೈ, ಅತ್ತರಿನ ವಾಸನೆ. ಮಗಳು ಚೀಲವನ್ನು ಕಂಕುಳಿಗೆ ಅವುಚಿಕೊಂಡು, ಬಾಗಿ, ಅಮ್ಮನ ಕಾಲ ಬಳಿಯ ಚಿತ್ರವನ್ನೆತ್ತಿ ಕೆಲಸದವನಿಗೆ ಕೊಟ್ಟಳು.

“ಅಯ್ಯೋ, ಅದಲ್ಲ...” ಎಂದರು ನಿರ್ದೇಶಕರು.

“ಪುಸ್ತಕ ಆ ವಿಜ್ಞಾನ ಪತ್ರಿಕೆಯವರಿಗೆ ಹೋಗುತ್ತೆ, ಸರ್. ಅವಮಾನ ಅಮ್ಮನಿಗೇ ಇರ್ಲಿ.”

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಗಾಜು ಒಳಗೆ ಹಾಕಲ್ಲ,” ಎಂದ ಕೆಲಸದವನು. ಹಿಂದಿನ ರಟ್ಟು ಬಿಚ್ಚಿ, ಚಿತ್ರವನ್ನು ಹೊರಗೆಳೆದು, ಹೆಣದ ಮೇಲಿನ ಬಿಳಿ ಬಟ್ಟೆಯ ಮೇಲೆ ಬೋರಲಾಗಿ ಇಟ್ಟ. ಉಳಿದ ಚೌಕಟ್ಟನ್ನು ಹತ್ತಿರ ನಿಂತವರ ಕೈಗೆ ತುರುಕಿದ.

ಬಾಗಿಲು ಮುಚ್ಚಿತು. ನಿರ್ದೇಶಕರು ಖಾಲಿ ಚೌಕಟ್ಟು ಹಿಡಿದು ನಿಂತಿದ್ದರು. ಗಾಜಿನ ಮೇಲೆ ಅವರ ಐದೂ ಬೆರಳು ಬೆವರಿನಲ್ಲಿ ಮೂಡಿದ್ದವು.